ತ್ರೀಡಿ ಮಾಡೆಲ್ ಫೈಲ್ ತೆರೆಯುತ್ತಿಲ್ಲವೇ? ಮೊದಲು ಅದರೊಳಗೆ ಏನಿದೆ ನೋಡಿ

ಯಾರೋ ಒಂದು ತ್ರೀಡಿ ಮಾಡೆಲ್ ಕಳಿಸುತ್ತಾರೆ. ಡಬಲ್ ಕ್ಲಿಕ್ ಮಾಡಿದರೆ, ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ನಿಮ್ಮನ್ನೇ ಕೇಳುತ್ತದೆ. ಹೇಗೋ ತೆರೆದರೂ ಪರದೆ ಖಾಲಿ. ಇಲ್ಲವೇ ಬಣ್ಣವೆಲ್ಲ ಹೋಗಿ ಬೂದು ಗೊಂಬೆಯೊಂದು ನಿಂತಿರುತ್ತದೆ. ಫೈಲ್ ಕೆಟ್ಟಿದೆ, ಇನ್ನೊಮ್ಮೆ ಕಳಿಸಿ ಎಂದು ಹೇಳಿಬಿಡುವುದು ಸುಲಭ. ಆದರೆ ಬಹಳಷ್ಟು ಸಲ ಫೈಲ್ ಸರಿಯಾಗಿಯೇ ಇರುತ್ತದೆ. ಅದು ಏನನ್ನು ಹೊತ್ತು ತರುತ್ತದೆ, ಏನನ್ನು ತರುವುದಿಲ್ಲ ಎನ್ನುವುದು ತಿಳಿದರೆ ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಸಾಫ್ಟ್‌ವೇರ್ ಹುಡುಕುವ ಮೊದಲು ಫೈಲನ್ನೇ ಸ್ವಲ್ಪ ವಿಚಾರಿಸೋಣ.

ಹೆಜ್ಜೆ 1: ಹೆಸರಿನ ಬಾಲ ನೋಡಿ, ಆದರೆ ಪೂರ್ತಿ ನಂಬಬೇಡಿ

ಫೈಲ್ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಅಕ್ಷರಗಳೇ ಎಕ್ಸ್‌ಟೆನ್ಶನ್. ವಿಂಡೋಸ್ ಇದನ್ನು ಸಾಮಾನ್ಯವಾಗಿ ಬಚ್ಚಿಡುತ್ತದೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ‘ವ್ಯೂ’, ಅದರಲ್ಲಿ ‘ಶೋ’, ಅದರಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಒತ್ತಿ. ಮ್ಯಾಕ್‌ನಲ್ಲಾದರೆ ಫೈಂಡರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಡ್ವಾನ್ಸ್‌ಡ್’ ಕೆಳಗೆ ಈ ಆಯ್ಕೆ ಇದೆ. ಇದನ್ನು ಯಾವಾಗಲೂ ಆನ್ ಮಾಡಿಟ್ಟುಕೊಳ್ಳಿ. ಮಾಡೆಲ್ ಎಂದು ಬಂದ ಫೈಲಿನ ಹೆಸರು ‘.ಒಬಿಜೆ.ಇಎಕ್ಸ್ಇ’ ಎಂದು ಮುಗಿದರೆ ಅದು ಮಾಡೆಲ್ ಅಲ್ಲ, ಪ್ರೋಗ್ರಾಮ್. ತೆರೆಯದೆ ಅಳಿಸಿ.

ಒಂದೇ ಬಾಲ ಬೇರೆ ಬೇರೆ ಜಾತಿಯ ಫೈಲುಗಳಿಗೂ ಇರುತ್ತದೆ ಎನ್ನುವುದು ಇನ್ನೊಂದು ಗೋಜಲು. ವಿಂಡೋಸ್‌ನಲ್ಲಿ ಸಿ ಪ್ರೋಗ್ರಾಮ್ ಕಂಪೈಲ್ ಮಾಡಿದಾಗ ಹುಟ್ಟುವ ಫೈಲುಗಳಿಗೂ ಒಬಿಜೆ ಎಂಬ ಬಾಲವೇ ಇದೆ. ಎಸ್‌ಟಿಎಲ್ ಎಂಬ ಬಾಲವನ್ನು ಟಿವಿ ಸಬ್‌ಟೈಟಲ್ ಫೈಲುಗಳೂ ಬಳಸುತ್ತವೆ. 3ಡಿಎಸ್ ಎಂದರೆ ಹಳೆಯ 3ಡಿ ಸ್ಟುಡಿಯೋದ ಮಾಡೆಲ್ ಆಗಿರಬಹುದು, ನಿಂಟೆಂಡೊ ಆಟದ ಫೈಲೂ ಆಗಿರಬಹುದು. ಪಿಆರ್‌ಟಿ ಎಂಬ ಬಾಲವನ್ನು ಕ್ರಿಯೋ ಮತ್ತು ಎನ್ಎಕ್ಸ್ ಎಂಬ ಎರಡು ಕ್ಯಾಡ್ (ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ) ಸಾಫ್ಟ್‌ವೇರ್‌ಗಳು ಬಳಸುತ್ತವೆ. ಒಂದರ ಫೈಲ್ ಇನ್ನೊಂದರ ಫೈಲಿನಂತಿರುವುದಿಲ್ಲ.

ಅನುಮಾನ ಬಂದರೆ ಫೈಲಿನ ಮೊದಲ ಸಾಲು ನೋಡಿ. ಚಿಕ್ಕ ಫೈಲ್ ಆದರೆ ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. ತೀರಾ ದೊಡ್ಡದನ್ನು ತೆರೆಯಲು ಹೋದರೆ ನೋಟ್‌ಪ್ಯಾಡ್ ಗರಬಡಿದಂತೆ ನಿಂತುಬಿಡುತ್ತದೆ. ಹೀಗೆ ನೋಡುವಾಗ ಏನನ್ನೂ ಸೇವ್ ಮಾಡಬೇಡಿ, ಬೈನರಿ ಫೈಲ್, ಅಂದರೆ ಓದಬಹುದಾದ ಪಠ್ಯವಲ್ಲದ ಫೈಲ್, ಹಾಳಾಗುತ್ತದೆ. ಮೊದಲ ಪದ ‘ಪಿಎಲ್‌ವೈ’ ಆಗಿದ್ದರೆ ಅದು ಪಿಎಲ್‌ವೈ ಫೈಲ್. ‘ಜಿಎಲ್‌ಟಿಎಫ್’ ಎಂದು ಶುರುವಾಗಿ ಮುಂದೆ ಓದಲಾಗದ ಅಕ್ಷರಗಳು ಬಂದರೆ ಜಿಎಲ್‌ಬಿ. ‘ಕೈಡಾರಾ ಎಫ್‌ಬಿಎಕ್ಸ್ ಬೈನರಿ’ ಎಂದಿದ್ದರೆ ಎಫ್‌ಬಿಎಕ್ಸ್. ‘ಐಎಸ್ಒ-10303-21’ ಎಂದಿದ್ದರೆ ಸ್ಟೆಪ್. ‘ಪಿಕೆ’ ಎಂಬ ಎರಡಕ್ಷರ ಕಂಡರೆ ಅದು ಒಳಗಿನಿಂದ ಜಿಪ್ ಫೈಲ್. 3ಎಂಎಫ್ ಮತ್ತು ಯುಎಸ್‌ಡಿಝಡ್ ಎರಡೂ ಈ ಗುಂಪಿನವು. ಒಂದು ಪ್ರತಿ ಮಾಡಿಕೊಂಡು ಅದರ ಬಾಲವನ್ನು ಜಿಪ್ ಎಂದು ಬದಲಿಸಿದರೆ ಒಳಗಿರುವುದೆಲ್ಲ ಬಿಚ್ಚಿಕೊಳ್ಳುತ್ತದೆ. ಲಿನಕ್ಸ್ ಅಥವಾ ಮ್ಯಾಕ್ ಇದ್ದವರು ಟರ್ಮಿನಲ್‌ನಲ್ಲಿ ‘ಫೈಲ್’ ಎಂಬ ಕಮಾಂಡ್ ಕೊಟ್ಟು ನೋಡಬಹುದು. ಅದು ಬಾಲ ನೋಡುವುದಿಲ್ಲ, ಒಳಗಿರುವುದನ್ನೇ ನೋಡುತ್ತದೆ.

ಹೆಜ್ಜೆ 2: ಒಳಗಿರುವುದು ಜಾಲವೋ, ನಿಖರ ಆಕಾರವೋ, ಇಡೀ ದೃಶ್ಯವೋ?

ಫಾರ್ಮ್ಯಾಟ್‌ಗಳ ಹೆಸರುಗಳು ನೂರಾರು ಇವೆ. ಅವುಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಒಳಗಿರುವ ಸರಕಿನ ಲೆಕ್ಕದಲ್ಲಿ ನೋಡಿದರೆ ಮೂರೇ ಬಗೆ.

ಮೊದಲನೆಯದು ಜಾಲ, ಅಂದರೆ ಮೆಶ್. ವಸ್ತುವಿನ ಮೈಯನ್ನು ಪುಟ್ಟ ಪುಟ್ಟ ತ್ರಿಕೋನಗಳಿಂದ ಮುಚ್ಚಿರುತ್ತಾರೆ. ಗುಂಡಗಿನ ಚೆಂಡು ಕೂಡ ಇಲ್ಲಿ ಸಾವಿರಾರು ಚಪ್ಪಟೆ ತ್ರಿಕೋನಗಳೇ. ಎಸ್‌ಟಿಎಲ್, ಒಬಿಜೆ, ಪಿಎಲ್‌ವೈ, 3ಎಂಎಫ್ ಈ ಬಗೆಯವು.

ಎರಡನೆಯದು ಕ್ಯಾಡ್ ಆಕಾರ. ಇಲ್ಲಿ ತ್ರಿಕೋನಗಳಿಲ್ಲ. ‘ಇಲ್ಲಿ 8 ಮಿಲಿಮೀಟರ್ ವ್ಯಾಸದ ರಂಧ್ರ’ ಎನ್ನುವುದು ಗಣಿತದ ರೂಪದಲ್ಲೇ ಇರುತ್ತದೆ. ಎಷ್ಟು ಹಿಗ್ಗಿಸಿ ನೋಡಿದರೂ ರಂಧ್ರ ಗುಂಡಗೇ ಇರುತ್ತದೆ. ಸ್ಟೆಪ್ ಮತ್ತು ಐಜಿಇಎಸ್ ಇಂಥವು.

ಮೂರನೆಯದು ಇಡೀ ದೃಶ್ಯ. ಜಾಲದ ಜೊತೆಗೆ ಬಣ್ಣ, ಮೇಲ್ಮೈಯ ಚಿತ್ರಗಳು, ಗೊಂಬೆಯ ಕೈಕಾಲು ಆಡಿಸುವ ಮೂಳೆಗಳು, ಚಲನೆ, ಕೆಲವೊಮ್ಮೆ ಬೆಳಕು ಮತ್ತು ಕ್ಯಾಮೆರಾ ಕೂಡ ಇರುತ್ತವೆ. ಎಫ್‌ಬಿಎಕ್ಸ್, ಜಿಎಲ್‌ಟಿಎಫ್, ಯುಎಸ್‌ಡಿ, ಕೊಲಾಡಾ ಈ ಸಾಲಿಗೆ ಸೇರುತ್ತವೆ.

ಇಷ್ಟು ಗೊತ್ತಾದರೆ, ಎಸ್‌ಟಿಎಲ್ ತೆರೆದಾಗ ಬಣ್ಣ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಅದರಲ್ಲಿ ಬಣ್ಣ ಇರಲೇ ಇಲ್ಲ, ಅಲ್ವಾ?

ಹೆಜ್ಜೆ 3: ಆಗಾಗ ಎದುರಾಗುವ ಫೈಲುಗಳ ಸ್ವಭಾವ ತಿಳಿದುಕೊಳ್ಳಿ

ಎಸ್‌ಟಿಎಲ್ ತುಂಬ ಸರಳ. 1987ರಲ್ಲಿ 3ಡಿ ಸಿಸ್ಟಮ್ಸ್ ಕಂಪನಿಯ ಪ್ರಿಂಟಿಂಗ್ ಯಂತ್ರಕ್ಕಾಗಿ ಹುಟ್ಟಿದ ಈ ಫಾರ್ಮ್ಯಾಟ್ ಇನ್ನೂ ತ್ರೀಡಿ ಪ್ರಿಂಟಿಂಗ್‌ನಲ್ಲಿ ಗಟ್ಟಿಯಾಗಿ ಕೂತಿದೆ. ಇದರಲ್ಲಿ ಇರುವುದು ತ್ರಿಕೋನಗಳು ಮಾತ್ರ. ಬಣ್ಣವಿಲ್ಲ, ಭಾಗಗಳಿಗೆ ಹೆಸರಿಲ್ಲ, ಮುಖ್ಯವಾಗಿ ಅಳತೆಯ ಮಾನವೇ ಇಲ್ಲ. 50 ಎಂದು ಬರೆದಿದ್ದರೆ ಅದು 50 ಮಿಲಿಮೀಟರೋ, 50 ಇಂಚೋ ಎಂದು ಫೈಲ್ ಹೇಳುವುದಿಲ್ಲ. ಬೈನರಿ ಎಸ್‌ಟಿಎಲ್‌ನ ಲೆಕ್ಕ ಮಾತ್ರ ಬಲು ಚೊಕ್ಕ. ಮೊದಲ 80 ಬೈಟ್ ತಲೆಬರಹ, ಆಮೇಲೆ 4 ಬೈಟ್‌ನಲ್ಲಿ ತ್ರಿಕೋನಗಳ ಸಂಖ್ಯೆ, ನಂತರ ಪ್ರತಿ ತ್ರಿಕೋನಕ್ಕೆ 50 ಬೈಟ್. ಅಂದರೆ ಒಂದು ಲಕ್ಷ ತ್ರಿಕೋನಗಳ ಫೈಲ್ 50,00,084 ಬೈಟ್ ಇರಬೇಕು. ಕಳಿಸಿದವರು ಲಕ್ಷ ತ್ರಿಕೋನ ಇದೆ ಎಂದು ಹೇಳಿ, ನಿಮಗೆ ಬಂದ ಬೈನರಿ ಫೈಲ್ ಎರಡು ಎಂಬಿ ಇದ್ದರೆ, ಡೌನ್‌ಲೋಡ್ ಅರ್ಧಕ್ಕೇ ನಿಂತಿದೆ ಎಂದರ್ಥ. ಪಠ್ಯ ರೂಪದ ಎಸ್‌ಟಿಎಲ್ ಕೂಡ ಇದೆ, ಅದು ‘ಸಾಲಿಡ್’ ಎಂಬ ಪದದಿಂದ ಶುರುವಾಗುತ್ತದೆ. ಕೆಲವು ಬೈನರಿ ಫೈಲುಗಳ ತಲೆಬರಹದಲ್ಲೂ ಇದೇ ಪದ ಬರುವುದುಂಟು. ಆಗ ಕೆಲವು ಪ್ರೋಗ್ರಾಮ್‌ಗಳು ದಾರಿ ತಪ್ಪುತ್ತವೆ. ಬೇರೊಂದರಲ್ಲಿ ತೆರೆದು ನೋಡಿ.

ಒಬಿಜೆ ಬಂದಿದ್ದು ವೇವ್‌ಫ್ರಂಟ್ ಟೆಕ್ನಾಲಜೀಸ್‌ನಿಂದ. ಇದು ಪಠ್ಯ ಫೈಲ್, ಕಣ್ಣಿಂದಲೇ ಓದಬಹುದು. ‘ವಿ’ ಎಂದು ಶುರುವಾಗುವ ಸಾಲು ಒಂದು ಬಿಂದು, ‘ಎಫ್’ ಎಂದು ಶುರುವಾಗುವ ಸಾಲು ಒಂದು ಮುಖ. ಹೊಸಬರು ಎಡವುವುದು ಇಲ್ಲಿ: ಒಬಿಜೆ ಒಂಟಿಯಾಗಿ ಬರುವುದಿಲ್ಲ. ಬಣ್ಣದ ವಿವರ ಎಂಟಿಎಲ್ ಎಂಬ ಇನ್ನೊಂದು ಫೈಲಿನಲ್ಲಿರುತ್ತದೆ. ಮೇಲ್ಮೈಗೆ ಹೊದಿಸುವ ಚಿತ್ರಗಳು, ಅಂದರೆ ಟೆಕ್ಸ್ಚರ್‌ಗಳು, ಜೆಪಿಜಿ ಅಥವಾ ಪಿಎನ್‌ಜಿಯಾಗಿ ಬೇರೆಯೇ ಇರುತ್ತವೆ. ಒಬಿಜೆಯೊಂದನ್ನೇ ಮೇಲ್ ಮಾಡಿದರೆ ಬೂದು ಗೊಂಬೆ ಬರದೆ ಇನ್ನೇನು ಬಂದೀತು? ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡಿ, ಹೆಸರು ಬದಲಿಸಬೇಡಿ. ಜಿಪ್‌ನಲ್ಲಿ ಬಂದಿದ್ದರೆ ಪೂರ್ತಿ ಹೊರಗೆ ತೆಗೆದ ಮೇಲೆಯೇ ತೆರೆಯಿರಿ. ಜಿಪ್ ಒಳಗಿಂದಲೇ ಡಬಲ್ ಕ್ಲಿಕ್ ಮಾಡಿದರೆ ಆ ಒಂದು ಫೈಲ್ ಮಾತ್ರ ತಾತ್ಕಾಲಿಕ ಜಾಗಕ್ಕೆ ಹೋಗುತ್ತದೆ, ಉಳಿದವು ಸಿಗುವುದಿಲ್ಲ.

ಪಿಎಲ್‌ವೈ 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಕ್ಯಾನ್ ಮಾಡಿದ ಮಾಡೆಲ್‌ಗಳಿಗಾಗಿ ಹುಟ್ಟಿತು. ಗ್ರಾಫಿಕ್ಸ್ ಕಲಿಯುವವರೆಲ್ಲ ನೋಡಿರುವ ಆ ಸ್ಟ್ಯಾನ್‌ಫರ್ಡ್ ಮೊಲ, 69,451 ತ್ರಿಕೋನಗಳದ್ದು, ಇದೇ ಫಾರ್ಮ್ಯಾಟ್‌ನಲ್ಲಿ ಹಂಚಿಕೆಯಾಯಿತು. ಪಿಎಲ್‌ವೈನಲ್ಲಿ ಪ್ರತಿ ಬಿಂದುವಿಗೂ ಬಣ್ಣ ಇರಬಹುದು. ಮುಖಗಳೇ ಇಲ್ಲದೆ ಬರೀ ಬಿಂದುಗಳೂ ಇರಬಹುದು. ಈಚೆಗೆ ಇನ್ನೊಂದು ತಮಾಷೆ ಶುರುವಾಗಿದೆ. ಫೋಟೋಗಳಿಂದ ತಯಾರಾಗುವ ಗಾಸಿಯನ್ ಸ್ಪ್ಲಾಟ್ ಎಂಬ ಹೊಸ ಬಗೆಯ ದೃಶ್ಯಗಳನ್ನೂ ಪಿಎಲ್‌ವೈಯಲ್ಲೇ ಉಳಿಸುತ್ತಾರೆ. ಅದನ್ನು ಮಾಮೂಲಿ ವ್ಯೂವರ್‌ನಲ್ಲಿ ತೆರೆದರೆ ಧೂಳು ಎದ್ದಂತೆ ಚುಕ್ಕಿಗಳು ಮಾತ್ರ ಕಾಣುತ್ತವೆ. ಸೂಪರ್‌ಸ್ಪ್ಲಾಟ್‌ನಂಥ ಅದಕ್ಕೆಂದೇ ಇರುವ ಸಾಧನದಲ್ಲಿ ತೆರೆದರೆ ಫೋಟೋದಂತೆ ಕಾಣುತ್ತದೆ. ಯಾವುದೆಂದು ತಿಳಿಯಲು ಫೈಲಿನ ಆರಂಭದ ಸಾಲುಗಳನ್ನು ಓದಿ. ‘ಒಪ್ಯಾಸಿಟಿ’, ‘ಸ್ಕೇಲ್’, ‘ರಾಟ್’ ಇತ್ಯಾದಿ ಗುಣಗಳ ಪಟ್ಟಿ ಇದ್ದರೆ ಅದು ಸ್ಪ್ಲಾಟ್.

3ಎಂಎಫ್ 2015ರಲ್ಲಿ ಬಂತು. ಎಸ್‌ಟಿಎಲ್ ಮರೆತಿದ್ದನ್ನೆಲ್ಲ ಸೇರಿಸಿದ್ದಾರೆ. ಅಳತೆಯ ಮಾನ ಇದೆ, ಬಣ್ಣ ಇರಬಹುದು, ಹಲವು ಭಾಗಗಳನ್ನು ಬೇರೆ ಬೇರೆಯಾಗಿಯೇ ಇಡಬಹುದು. ಪ್ರಿಂಟಿಂಗ್‌ಗೆ ಎಸ್‌ಟಿಎಲ್ ಮತ್ತು 3ಎಂಎಫ್ ಎರಡೂ ಸಿಗುವುದಾದರೆ ಸುಮ್ನೆ 3ಎಂಎಫ್ ತೆಗೆದುಕೊಳ್ಳಿ. ಮಾಡೆಲನ್ನು ಪದರಗಳಾಗಿ ಸೀಳಿ ಪ್ರಿಂಟಿಗೆ ಸಿದ್ಧಮಾಡುವ ಸಾಫ್ಟ್‌ವೇರ್, ಅಂದರೆ ಸ್ಲೈಸರ್‌ನಿಂದ ಉಳಿಸಿದ್ದಾದರೆ ಪ್ರಿಂಟಿನ ಸೆಟ್ಟಿಂಗ್‌ಗಳೂ ಜೊತೆಗೆ ಬಂದಿರಬಹುದು, ನಿಮ್ಮ ಯಂತ್ರಕ್ಕೆ ಹೊಂದುತ್ತವೆಯೇ ನೋಡಿಕೊಳ್ಳಿ. ಜಿ-ಕೋಡ್ ಫೈಲ್ ಸಿಕ್ಕಿದರೆ ಅದು ಮಾಡೆಲ್ ಅಲ್ಲ. ಯಂತ್ರದ ಮೂತಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ಆದೇಶಗಳ ಪಟ್ಟಿ ಅದು.

ಜಿಎಲ್‌ಟಿಎಫ್ ಅನ್ನು ಕ್ರೋನೋಸ್ ಗ್ರೂಪ್ 2015ರಲ್ಲಿ ತಂದಿತು. ಈಗ ಎಲ್ಲರೂ ಬಳಸುವ 2.0 ಬಂದಿದ್ದು 2017ರಲ್ಲಿ. ವೆಬ್‌ಗೆ, ಮೊಬೈಲಿಗೆ ಇದೇ ಸಲೀಸು. ಇದರಲ್ಲಿ ಎರಡು ರೂಪ. ಜಿಎಲ್‌ಟಿಎಫ್ ಎಂದಿದ್ದರೆ ಸಾಮಾನ್ಯವಾಗಿ ಜೊತೆಗೊಂದು ಬಿನ್ ಫೈಲ್ ಮತ್ತು ಚಿತ್ರಗಳು ಬೇಕು. ಜಿಎಲ್‌ಬಿ ಎಂದಿದ್ದರೆ ಬಹುತೇಕ ಎಲ್ಲವೂ ಒಂದೇ ಫೈಲಿನಲ್ಲಿ. ಇನ್ನೊಬ್ಬರಿಗೆ ಕಳಿಸುವಾಗ ನನ್ನ ಆಯ್ಕೆ ಯಾವತ್ತೂ ಜಿಎಲ್‌ಬಿಯೇ. ಅಳತೆ ಮೀಟರಿನಲ್ಲಿ, ಮೇಲ್ಮುಖ ವೈ ಅಕ್ಷ ಎಂದು ನಿಯಮವೇ ಹೇಳುತ್ತದೆ, ಹಾಗಾಗಿ ಜಗಳ ಕಡಿಮೆ.

ಎಫ್‌ಬಿಎಕ್ಸ್ ಆಟ ಮತ್ತು ಅನಿಮೇಶನ್ ಲೋಕದ ಹಳೆಯ ಕುದುರೆ. ಕೈಡಾರಾ ಕಂಪನಿಯಲ್ಲಿ ಹುಟ್ಟಿ, ಈಗ ಆಟೊಡೆಸ್ಕ್ ಕೈಯಲ್ಲಿದೆ. ಫೈಲಿನ ರಚನೆಯನ್ನು ಅವರು ಬಹಿರಂಗವಾಗಿ ವಿವರಿಸಿಲ್ಲ. ಹೀಗಾಗಿ ಬೇರೆಯವರ ಸಾಫ್ಟ್‌ವೇರ್‌ಗಳಲ್ಲಿ ಒಮ್ಮೊಮ್ಮೆ ಚಲನೆ ಸರಿಯಿದ್ದು ಬಣ್ಣ ತಪ್ಪುತ್ತದೆ, ಒಮ್ಮೊಮ್ಮೆ ತಿರುಗುಮುರುಗು. ಇದರಲ್ಲೂ ಪಠ್ಯ ಮತ್ತು ಬೈನರಿ ಎಂಬ ಎರಡು ರೂಪಗಳಿವೆ. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಿನ ಹಳೆಯ ಆವೃತ್ತಿಗಳು ಪಠ್ಯ ರೂಪದ್ದನ್ನು ಓದುವುದೇ ಇಲ್ಲ. ಅಂಥ ಕಡೆ ಬೈನರಿಯಾಗಿ ಕಳಿಸಿ ಎಂದು ಕೇಳಿ.

ಯುಎಸ್‌ಡಿ ಪಿಕ್ಸರ್ ಸ್ಟುಡಿಯೋದ ಕೂಸು, 2016ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದನ್ನು ಒಂದೇ ಪೊಟ್ಟಣವಾಗಿ ಕಟ್ಟಿದ್ದು ಯುಎಸ್‌ಡಿಝಡ್. ಐಫೋನ್ ಮತ್ತು ಮ್ಯಾಕ್‌ನಲ್ಲಿ ಬೇರೇನೂ ಹಾಕಿಕೊಳ್ಳದೆ ತೆರೆಯುತ್ತದೆ. ಕೊಲಾಡಾ, ಅಂದರೆ ಡಿಎಇ, ಹಳೆಯ ಸಂಗ್ರಹಗಳಲ್ಲಿ ಸಿಗುತ್ತದೆ. ಬ್ಲೆಂಡರ್ 5.0ರಿಂದ ಇದರ ಬೆಂಬಲ ತೆಗೆದಿದ್ದಾರೆ. ಹಳೆಯ ಬ್ಲೆಂಡರ್ ಇಟ್ಟುಕೊಳ್ಳಿ, ಇಲ್ಲವೇ ಬೇರೆ ವ್ಯೂವರ್ ನೋಡಿ.

ಸ್ಟೆಪ್ ಕ್ಯಾಡ್ ಲೋಕದ ಸಾಮಾನ್ಯ ಭಾಷೆ. ಐಎಸ್ಒ 10303 ಎಂಬ ಅಂತರರಾಷ್ಟ್ರೀಯ ಮಾನದಂಡ ಇದರ ಹಿಂದಿದೆ. ಎಸ್‌ಟಿಪಿ ಎಂದಿದ್ದರೂ ಇದೇ. ಐಜಿಇಎಸ್ ಇನ್ನೂ ಹಳೆಯದು, 1980ರ ಕಾಲದ್ದು, 1996ರ 5.3ನೇ ಆವೃತ್ತಿಯ ನಂತರ ಮುಂದೆ ಹೋಗಿಲ್ಲ. ಎರಡರ ನಡುವೆ ಆಯ್ಕೆ ಇದ್ದರೆ ಸ್ಟೆಪ್ ಕೇಳಿ.

ಕೊನೆಗೆ, ಒಂದೊಂದು ಸಾಫ್ಟ್‌ವೇರಿನ ಸ್ವಂತ ಫೈಲುಗಳು. ಬ್ಲೆಂಡ್ ಫೈಲಿಗೆ ಬ್ಲೆಂಡರ್ ಉಚಿತವಾಗಿ ಸಿಗುತ್ತದೆ. ಎಸ್‌ಕೆಪಿ ಸ್ಕೆಚ್‌ಅಪ್‌ನದು. ಸಾಲಿಡ್‌ವರ್ಕ್ಸ್ ಫೈಲುಗಳನ್ನು ನೋಡಲು ಇಡ್ರಾಯಿಂಗ್ಸ್ ಎಂಬ ಉಚಿತ ವ್ಯೂವರ್ ಇದೆ. ಮ್ಯಾಕ್ಸ್ ಎಂಬ ಬಾಲದ ಫೈಲ್ ಮಾತ್ರ 3ಡಿಎಸ್ ಮ್ಯಾಕ್ಸ್ ಇಲ್ಲದೆ ತೆರೆಯುವುದು ಕಷ್ಟ. ಅದರ ಹಿಂದೆ ಬಿದ್ದು ಹೊತ್ತು ಕಳೆಯಬೇಡಿ, ಎಫ್‌ಬಿಎಕ್ಸ್ ಆಗಿ ಎಕ್ಸ್‌ಪೋರ್ಟ್ ಮಾಡಿ ಕಳಿಸಲು ಹೇಳಿ.

ಹೆಜ್ಜೆ 4: ಕೆಲಸಕ್ಕೆ ತಕ್ಕ ಸಾಧನ ಆರಿಸಿ

ಸುಮ್ನೆ ನೋಡಬೇಕಷ್ಟೇ ಎಂದರೆ ದೊಡ್ಡ ಸಾಫ್ಟ್‌ವೇರ್ ಬೇಡ. ಎಫ್‌3ಡಿ ಎಂಬ ಚಿಕ್ಕ ವ್ಯೂವರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೇಲೆ ಹೇಳಿದ ಬಹುಪಾಲು ಫಾರ್ಮ್ಯಾಟ್‌ಗಳನ್ನು ತೆರೆಯುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಲಾಗದ ಕಂಪ್ಯೂಟರ್ ಆದರೆ ಆನ್‌ಲೈನ್ 3ಡಿ ವ್ಯೂವರ್ ಎಂಬ ಜಾಲತಾಣ ಬಳಸಿ. ಫೈಲನ್ನು ಎಳೆದು ಬ್ರೌಸರ್ ಕಿಟಕಿಗೆ ಹಾಕಿದರೆ ಸಾಕು. ಅದು ನಿಮ್ಮ ಕಂಪ್ಯೂಟರಿನಲ್ಲಿರುವ ಫೈಲನ್ನು ಬ್ರೌಸರ್ ಒಳಗೇ ಓದುತ್ತದೆ, ಎಲ್ಲಿಗೂ ಕಳಿಸುವುದಿಲ್ಲ. ಎಲ್ಲ ತಾಣಗಳೂ ಹೀಗಿಲ್ಲ. ಹಲವು ತಾಣಗಳು ಫೈಲನ್ನು ತಮ್ಮ ಸರ್ವರಿಗೆ ಏರಿಸಿಕೊಂಡ ಮೇಲೆಯೇ ತೋರಿಸುತ್ತವೆ. ಆಫೀಸಿನ ವಿನ್ಯಾಸವನ್ನು ಹೀಗೆ ಏರಿಸುವ ಮೊದಲು ಎರಡು ಸಲ ಯೋಚಿಸಿ. ಹಲವು ತುಂಡುಗಳ ಒಬಿಜೆ ಅಥವಾ ಜಿಎಲ್‌ಟಿಎಫ್ ಆದರೆ ಎಲ್ಲ ಫೈಲುಗಳನ್ನೂ ಒಟ್ಟಿಗೆ ಆರಿಸಿಕೊಂಡು ಎಳೆದು ಹಾಕಬೇಕು.

ತಿದ್ದಬೇಕಾದರೆ ಸಾಧನ ಬೇರೆಯಾಗುತ್ತದೆ. ಜಾಲ ಮತ್ತು ದೃಶ್ಯಗಳಿಗೆ ಬ್ಲೆಂಡರ್. ಅಲ್ಲಿ ‘ಫೈಲ್’ ಮೆನುವಿನ ‘ಓಪನ್’ ಒತ್ತಿದರೆ ಅದು ಹುಡುಕುವುದು ಬ್ಲೆಂಡ್ ಫೈಲನ್ನು ಮಾತ್ರ. ಬೇರೆಯವಕ್ಕೆ ‘ಇಂಪೋರ್ಟ್’ ಒತ್ತಬೇಕು. ತುಂಬ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸ್ಕ್ಯಾನ್ ಮಾಡಿದ ಭಾರಿ ಜಾಲಗಳನ್ನು ಶುಚಿಮಾಡಲು, ತ್ರಿಕೋನ ಕಡಿಮೆ ಮಾಡಲು ಮೆಶ್‌ಲ್ಯಾಬ್ ಒಳ್ಳೆಯದು. ಬರೀ ಬಿಂದುಗಳ ಎಲ್ಎಎಸ್, ಇ57 ಫೈಲುಗಳಿಗೆ ಕ್ಲೌಡ್‌ಕಂಪೇರ್. ಸ್ಟೆಪ್ ಆದರೆ ಫ್ರೀಕ್ಯಾಡ್. ಪ್ರಿಂಟ್ ಮಾಡುವುದೊಂದೇ ಉದ್ದೇಶವಾದರೆ ಪ್ರೂಸಾಸ್ಲೈಸರ್, ಕ್ಯೂರಾ ಮುಂತಾದ ಸ್ಲೈಸರ್‌ಗಳಲ್ಲೇ ನೇರವಾಗಿ ತೆರೆಯಿರಿ. ಇವೆಲ್ಲ ಉಚಿತ.

ಬ್ಲೆಂಡ್ ಫೈಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅದರೊಳಗೆ ಪೈಥಾನ್ ಸ್ಕ್ರಿಪ್ಟ್ ಇರಬಹುದು. ಬ್ಲೆಂಡರ್ ಅದನ್ನು ತಾನಾಗಿ ಓಡಿಸುವುದಿಲ್ಲ, ನಿಮ್ಮನ್ನು ಕೇಳುತ್ತದೆ. ಗೊತ್ತಿಲ್ಲದವರ ಫೈಲ್ ಆದರೆ ಒಪ್ಪಿಗೆ ಕೊಡಬೇಡಿ. ಮಾಡೆಲ್ ಹೇಗೂ ಕಾಣುತ್ತದೆ.

ಹೆಜ್ಜೆ 5: ತೆರೆದ ಮೇಲೆ ಎಲ್ಲವೂ ಸರಿಯಿದೆಯೇ ನೋಡಿ

ಪರದೆ ಖಾಲಿ ಇದ್ದರೆ ಗಾಬರಿ ಬೇಡ. ಮಾಡೆಲ್ ಬಂದಿರುತ್ತದೆ, ಆದರೆ ತೀರಾ ದೊಡ್ಡದಾಗಿ, ತೀರಾ ಚಿಕ್ಕದಾಗಿ ಅಥವಾ ಎಲ್ಲೋ ದೂರದಲ್ಲಿ. ಬ್ಲೆಂಡರ್‌ನಲ್ಲಿ ‘ಹೋಮ್’ ಕೀ ಒತ್ತಿದರೆ ಎಲ್ಲವೂ ಕಣ್ಣಳತೆಗೆ ಬರುತ್ತದೆ. ಮಿಲಿಮೀಟರಿನಲ್ಲಿ ಮಾಡಿದ ಎಸ್‌ಟಿಎಲ್ ಅನ್ನು ಬ್ಲೆಂಡರ್ ಮೀಟರ್ ಎಂದುಕೊಳ್ಳುತ್ತದೆ. ಅಂಗೈಯಲ್ಲಿ ಹಿಡಿಯುವ 100 ಮಿಲಿಮೀಟರ್ ವಸ್ತು 100 ಮೀಟರ್ ಕಟ್ಟಡವಾಗುತ್ತದೆ. ಇಂಪೋರ್ಟ್ ಮಾಡುವಾಗಲೇ ‘ಸ್ಕೇಲ್’ ಜಾಗದಲ್ಲಿ 0.001 ಹಾಕಿದರೆ ಸರಿಹೋಗುತ್ತದೆ.

ಅಳತೆ ತಪ್ಪಿದಾಗ ಎಷ್ಟು ಪಟ್ಟು ತಪ್ಪಿದೆ ಎಂದು ಲೆಕ್ಕ ಹಾಕಿ. ಕಾರಣ ಅಲ್ಲೇ ಸಿಗುತ್ತದೆ. 1000 ಪಟ್ಟು ವ್ಯತ್ಯಾಸವಿದ್ದರೆ ಮಿಲಿಮೀಟರ್ ಮತ್ತು ಮೀಟರ್ ಅದಲುಬದಲಾಗಿದೆ. 100 ಪಟ್ಟು ಎಂದರೆ ಸೆಂಟಿಮೀಟರ್ ಮತ್ತು ಮೀಟರ್, ಎಫ್‌ಬಿಎಕ್ಸ್‌ನಲ್ಲಿ ಇದು ಜಾಸ್ತಿ. 25.4 ಪಟ್ಟು ಎಂದರೆ ಇಂಚು ಮತ್ತು ಮಿಲಿಮೀಟರ್. ಮಾಡೆಲ್ ತೀರಾ ಪುಟ್ಟದಾಗಿ ಬಂದರೆ ಇಂಚಿನಿಂದ ಬದಲಿಸಲೇ ಎಂದು ಪ್ರೂಸಾಸ್ಲೈಸರ್ ತಾನೇ ಕೇಳುವುದುಂಟು. ಪ್ರಿಂಟ್‌ಗೆ ಹಾಕುವ ಮೊದಲು ಗೊತ್ತಿರುವ ಒಂದು ಅಳತೆಯನ್ನಾದರೂ, ಒಂದು ರಂಧ್ರದ ವ್ಯಾಸವನ್ನೋ ಒಟ್ಟು ಉದ್ದವನ್ನೋ, ತಾಳೆ ನೋಡಲೇಬೇಕು.

ಮಾಡೆಲ್ ಅಂಗಾತ ಮಲಗಿದ್ದರೆ ಅದು ದಿಕ್ಕಿನ ತಕರಾರು. ಕೆಲವು ಸಾಫ್ಟ್‌ವೇರ್‌ಗಳಿಗೆ ಮೇಲ್ಮುಖ ಎಂದರೆ ವೈ, ಬ್ಲೆಂಡರ್ ಮತ್ತು ಹೆಚ್ಚಿನ ಸ್ಲೈಸರ್‌ಗಳಿಗೆ ಝಡ್. ಎಕ್ಸ್ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿದರೆ ಎದ್ದು ನಿಲ್ಲುತ್ತದೆ.

ಬ್ಲೆಂಡರ್‌ನಲ್ಲಿ ಮೈಯೆಲ್ಲ ಕಣ್ಣು ಕುಕ್ಕುವ ಗುಲಾಬಿ ಬಣ್ಣ ಬಂದರೆ ಟೆಕ್ಸ್ಚರ್ ಚಿತ್ರಗಳು ಸಿಕ್ಕಿಲ್ಲ. ‘ಫೈಲ್’ ಮೆನುವಿನ ‘ಎಕ್ಸ್‌ಟರ್ನಲ್ ಡೇಟಾ’ದಲ್ಲಿ ‘ಫೈಂಡ್ ಮಿಸ್ಸಿಂಗ್ ಫೈಲ್ಸ್’ ಒತ್ತಿ ಚಿತ್ರಗಳಿರುವ ಫೋಲ್ಡರ್ ತೋರಿಸಿ. ಒಬಿಜೆ ಆಗಿದ್ದರೆ ಎಂಟಿಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ‘ಮ್ಯಾಪ್’ ಎಂದು ಶುರುವಾಗುವ ಸಾಲುಗಳಲ್ಲಿ ಚಿತ್ರದ ದಾರಿ ಇರುತ್ತದೆ. ಮಾಡಿದವರ ಕಂಪ್ಯೂಟರಿನ ಸಿ ಡ್ರೈವಿನಿಂದ ಹಿಡಿದು ಉದ್ದಕ್ಕೂ ಬರೆದಿದ್ದರೆ ಅದು ನಿಮ್ಮಲ್ಲಿ ಹೇಗೆ ಸಿಕ್ಕೀತು? ಅಷ್ಟನ್ನೂ ಅಳಿಸಿ ಚಿತ್ರದ ಹೆಸರನ್ನು ಮಾತ್ರ ಉಳಿಸಿ, ಚಿತ್ರವನ್ನು ಅದೇ ಫೋಲ್ಡರಿನಲ್ಲಿಡಿ. ಇದು ಪಠ್ಯ ಫೈಲ್ ಆದ್ದರಿಂದ ಸೇವ್ ಮಾಡಿದರೆ ತೊಂದರೆಯಿಲ್ಲ.

ಮೈಯಲ್ಲಿ ಅಲ್ಲಲ್ಲಿ ತೂತು ಬಿದ್ದಂತೆ, ಆ ಕಡೆಯಿಂದ ನೋಡಿದರೆ ಮಾತ್ರ ಮುಚ್ಚಿದಂತೆ ಕಂಡರೆ ಕೆಲವು ತ್ರಿಕೋನಗಳು ಒಳಗೆ ಮುಖ ಮಾಡಿವೆ. ಬ್ಲೆಂಡರ್‌ನ ಎಡಿಟ್ ಮೋಡ್‌ನಲ್ಲಿ ಎಲ್ಲವನ್ನೂ ಆರಿಸಿ ಶಿಫ್ಟ್ ಮತ್ತು ಎನ್ ಒಟ್ಟಿಗೆ ಒತ್ತಿದರೆ ಬಹುತೇಕ ಸರಿಹೋಗುತ್ತವೆ. ಆಮೇಲೂ ತೂತು ಉಳಿದರೆ ಅದು ನಿಜವಾದ ತೂತು, ಮೆಶ್‌ಲ್ಯಾಬ್‌ನಲ್ಲಿ ಮುಚ್ಚಬೇಕು.

ಹೆಜ್ಜೆ 6: ಫಾರ್ಮ್ಯಾಟ್ ಬದಲಿಸಬೇಕಾದರೆ

ಇಳಿಜಾರಿನಲ್ಲಿ ನೀರು ಹರಿದಂತೆ ಇಲ್ಲಿ ಒಂದೇ ದಿಕ್ಕು. ಸ್ಟೆಪ್‌ನಿಂದ ಎಸ್‌ಟಿಎಲ್ ಮಾಡುವುದು ಸುಲಭ, ಎಸ್‌ಟಿಎಲ್‌ನಿಂದ ಸ್ಟೆಪ್‌ಗೆ ಮರಳುವುದು ಹೆಸರಿಗೆ ಮಾತ್ರ. ಬದಲಿಸಿಕೊಡುವ ತಾಣಗಳು ಬೇಕಾದಷ್ಟಿವೆ. ಆದರೆ ಅಲ್ಲಿಂದ ಬಂದ ಸ್ಟೆಪ್ ತೆರೆದು ನೋಡಿ: ಗುಂಡು ರಂಧ್ರದ ಬದಲು ನೂರಾರು ಚಪ್ಪಟೆ ಪಟ್ಟಿಗಳು. ವ್ಯಾಸ ಬದಲಿಸಲು ಹೋದರೆ ಹಿಡಿಯಲು ಏನೂ ಸಿಗುವುದಿಲ್ಲ. ಅಂಥ ಕೆಲಸಕ್ಕೆ ಮೂಲ ಸ್ಟೆಪ್ ಕೇಳಿ ಪಡೆಯಬೇಕು, ಇಲ್ಲವೇ ಎಸ್‌ಟಿಎಲ್ ಅನ್ನು ಹಿಂದೆ ಇಟ್ಟುಕೊಂಡು ಅಳತೆ ತೆಗೆದು ಫ್ರೀಕ್ಯಾಡ್‌ನಲ್ಲಿ ಹೊಸದಾಗಿ ಬರೆಯಬೇಕು. ಚಿಕ್ಕ ವಸ್ತುವಾದರೆ ಎರಡನೆಯದೇ ಬೇಗ ಮುಗಿಯುತ್ತದೆ.

ಸ್ಟೆಪ್‌ನಿಂದ ಎಸ್‌ಟಿಎಲ್ ಮಾಡುವಾಗಲೂ ತ್ರಿಕೋನ ಎಷ್ಟು ಸಣ್ಣದಿರಬೇಕು ಎಂದು ಸಾಫ್ಟ್‌ವೇರ್ ಕೇಳುತ್ತದೆ. ಒರಟಾಗಿ ಇಟ್ಟರೆ ಗುಂಡಗಿನ ಭಾಗಗಳು ಮೂಲೆಮೂಲೆಯಾಗಿ ಪ್ರಿಂಟ್ ಆಗುತ್ತವೆ. ವಿಪರೀತ ನಯ ಮಾಡಿದರೆ ಫೈಲ್ ನೂರಾರು ಎಂಬಿಗೆ ಊದಿ, ಸ್ಲೈಸರ್ ತೆವಳುತ್ತದೆ. ಪ್ರಿಂಟರಿಗೆ ಕಾಣದಷ್ಟು ನಯ ಯಾರಿಗೂ ಬೇಡ. ವಕ್ರಭಾಗ ಮೂಲ ಆಕಾರದಿಂದ 0.01ರಿಂದ 0.05 ಮಿಲಿಮೀಟರ್ ಆಚೀಚೆ ಹೋಗಲು ಬಿಟ್ಟರೆ ಮನೆಬಳಕೆಯ ಪ್ರಿಂಟರುಗಳಿಗೆ ಧಾರಾಳ ಸಾಕು.

ಎಫ್‌ಬಿಎಕ್ಸ್ ಅನ್ನು ಜಿಎಲ್‌ಬಿ ಮಾಡಬೇಕಾದರೆ ಬ್ಲೆಂಡರ್‌ಗೆ ಇಂಪೋರ್ಟ್ ಮಾಡಿ, ಬಣ್ಣ ಮತ್ತು ಚಲನೆ ಸರಿಯಿದೆಯೇ ನೋಡಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಿ. ಹೊಸ ಫೈಲನ್ನು ಖಾಲಿ ಫೋಲ್ಡರಿಗೆ ಒಯ್ದು ಬೇರೊಂದು ವ್ಯೂವರ್‌ನಲ್ಲಿ ತೆರೆಯಿರಿ. ಹಳೆಯ ಫೋಲ್ಡರಿನಲ್ಲೇ ನೋಡಿದರೆ ಪಕ್ಕದಲ್ಲಿರುವ ಚಿತ್ರಗಳನ್ನು ಎತ್ತಿಕೊಂಡು ಎಲ್ಲವೂ ಸರಿಯಿರುವಂತೆ ಕಾಣಬಹುದು. ಖಾಲಿ ಫೋಲ್ಡರಿನಲ್ಲೂ ಬಣ್ಣಸಮೇತ ತೆರೆದರೆ ಕಳಿಸಬಹುದು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.